ಹುಡುಗಿ ಹೇಗೆ ಅಂತ ಕೇಳಿದ್ರು

ನೀವು ಬೆಂಗಳೂರಲ್ಲಿ ಇನ್ನೊಬ್ಬಳ ಜೊತೆ ರೂಮು ಹಂಚಿಕೊಂಡು ನಾಲ್ಕಾರು ವರ್ಷ ಕಳೆದಿದ್ದರೆ ಆ ಫೋನು ನಿಮಗೂ ಬಂದಿರುತ್ತೆ. ಗೊತ್ತಿಲ್ಲದ ನಂಬರು. ಆ ಕಡೆಯಿಂದ ಮೆತ್ತಗಿನ ದನಿ. ‘ನೀವು ಅವರ ಫ್ರೆಂಡ್ ಅಲ್ವೇನಮ್ಮಾ? ಏನಿಲ್ಲ, ನಮ್ಮ ಹುಡುಗನಿಗೆ ನೋಡ್ತಾ ಇದೀವಿ. ಹುಡುಗಿ ಹೇಗೆ? ನಿಮಗೆ ಗೊತ್ತಿರೋಷ್ಟು ಹೇಳಿ ಸಾಕು.’

ನನಗೆ ಬಂದಾಗ ನಾನು ಬಿಟಿಎಂ ಎರಡನೇ ಹಂತದ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕ್ತಾ ಇದ್ದೆ. ಫೋನಿನಲ್ಲಿದ್ದವರು ಹುಡುಗನ ದೊಡ್ಡಮ್ಮ. ಹತ್ತು ನಿಮಿಷ ಮಾತಾಡಿದೆವು. ಆ ಹತ್ತು ನಿಮಿಷದಲ್ಲಿ ನಾನು ಅವರಿಗೆ ಒಂದೇ ಒಂದು ಸುಳ್ಳು ಹೇಳಲಿಲ್ಲ. ಅದೇ ನನ್ನ ಸಮಸ್ಯೆ. ಸುಳ್ಳು ಹೇಳಿದ್ದಿದ್ದರೆ ಇಷ್ಟು ವರ್ಷ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಅವಳ ಹೆಸರು ಇಲ್ಲಿ ಬೇಡ. ನಾವಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದೂ ಕಡಿಮೆ. ‘ಲೇ’ ಅಂದ್ರೆ ಸಾಕಿತ್ತು. ತೀರ್ಥಹಳ್ಳಿ ಕಡೆಯವಳು. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ, ಅದಕ್ಕಿಂತ ಜಾಸ್ತಿ ಸಾಲ. ಒಂದು ಮಳೆಗಾಲದಲ್ಲಿ ಕೊಳೆರೋಗ ಬಂದರೆ ಆ ವರ್ಷ ತಂಗಿಯ ಕಾಲೇಜು ಫೀಸು ಇವಳ ತಲೆ ಮೇಲೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಳು. ಸಂಬಳ ಬಂದ ದಿನವೇ ಮುಕ್ಕಾಲು ಪಾಲು ಊರಿಗೆ ಹೋಗ್ತಿತ್ತು. ಇಪ್ಪತ್ತೈದನೇ ತಾರೀಖಿನಿಂದ ಕೊನೇ ದಿನದವರೆಗೆ ನಮ್ಮನೇಲಿ ಬರೀ ಚಿತ್ರಾನ್ನ. ನನಗೆ ಅದು ತಮಾಷೆ, ಯಾಕಂದ್ರೆ ನನಗೆ ಬೇಕಾದಾಗ ಅಪ್ಪನಿಗೆ ಫೋನ್ ಮಾಡಬಹುದಿತ್ತು. ಅವಳಿಗೆ ಅದು ತಮಾಷೆ ಆಗಿರಲಿಲ್ಲ ಅನ್ನೋದು ನನಗೆ ಹೊಳೆದದ್ದು ಬಹಳ ತಡವಾಗಿ.

ಮದುವೆ ಮಾತು ಶುರುವಾದಾಗ ಅವಳು ಬೆಸ್ಕಾಂ ಬಿಲ್ಲಿನ ಹಿಂದೆ ಒಂದು ಪಟ್ಟಿ ಬರೆದಳು. ಸ್ವಂತ ಮನೆ ಇರಬೇಕು. ಇಎಂಐ ಇರಬಾರದು. ತಿಂಗಳಾ ತಿಂಗಳಾ ಬಾಡಿಗೆ ಬರೋ ಹಾಗಿದ್ರೆ ಇನ್ನೂ ಒಳ್ಳೇದು. ಕುಡಿಯಬಾರದು, ಕೈ ಎತ್ತಬಾರದು. ಅಷ್ಟೇ. ‘ಪ್ರೀತಿ ಎಲ್ಲೇ?’ ಅಂದೆ. ‘ಅದು ಆಮೇಲೆ ಬರುತ್ತೆ ಕಣೇ. ಬರದೇ ಹೋದ್ರೂ ಬಾಡಿಗೆ ಬರುತ್ತಲ್ಲ’ ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ವಿ.

ಆ ಹುಡುಗನ ಮನೆ ಬನಶಂಕರಿ ಎರಡನೇ ಹಂತದಲ್ಲಿ. ಮೂರು ಅಂತಸ್ತು, ಮೇಲಿನೆರಡು ಬಾಡಿಗೆಗೆ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಹೋಟೆಲ್ಲಿನಲ್ಲಿ ಭೇಟಿ ಆಯ್ತು. ಜೊತೆಗೆ ನಾನೂ ಹೋಗಿದ್ದೆ. ಮಾತು ಕಮ್ಮಿ, ಆದರೆ ಸಪ್ಲೈಯರ್ ಹುಡುಗನಿಗೂ ‘ನೀವು’ ಅಂತ ಮಾತಾಡಿಸ್ತಿದ್ದ. ವಾಪಸ್ ಬರುವಾಗ ಅವಳು ಆಟೋದಲ್ಲಿ, ‘ಒಳ್ಳೆಯವನು ಕಣೇ, ನನಗೆ ಪರವಾಗಿಲ್ಲ ಅನ್ನಿಸ್ತು’ ಅಂದಳು. ಅವಳ ಭಾಷೆಯಲ್ಲಿ ಅದು ದೊಡ್ಡ ಮಾತು.

ಒಂದು ವಾರಕ್ಕೆ ದೊಡ್ಡಮ್ಮನ ಫೋನು. ಅಡುಗೆ ಬರುತ್ತಾ, ದೇವರು ದಿಂಡರು ಅಂತ ಇದೆಯಾ, ಇವೆಲ್ಲ ಆದ ಮೇಲೆ ಅವರು ಕೇಳಿದ್ರು: ‘ನಮ್ಮ ಹುಡುಗನ್ನ ನೋಡಿ ಒಪ್ಪಿದಾಳೋ, ಆಸ್ತಿ ನೋಡಿ ಒಪ್ಪಿದಾಳೋ?’

‘ಅವಳು ತುಂಬಾ ಪ್ರಾಕ್ಟಿಕಲ್ ಆಂಟಿ’ ಅಂದೆ. ‘ಸೆಕ್ಯೂರಿಟಿ ಮುಖ್ಯ ಅಂತ ಮೊದಲಿಂದಲೂ ಹೇಳ್ತಾಳೆ. ಸ್ವಲ್ಪ ಲೆಕ್ಕಾಚಾರದವಳು.’ ಆಮೇಲೆ ನಗ್ತಾ ನಗ್ತಾ, ಆ ಬಾಡಿಗೆ ಜೋಕನ್ನೂ ಹೇಳಿಬಿಟ್ಟೆ.

ಜಾತಕ ಕೂಡಿಬರಲಿಲ್ಲ ಅಂತ ಹೇಳಿ ಸಂಬಂಧ ನಿಂತುಹೋಯ್ತು. ಆದರೆ ಜೋಕು ನಿಲ್ಲಲಿಲ್ಲ. ಮಧ್ಯಸ್ಥಿಕೆ ಮಾಡಿದವರ ಮೂಲಕ ಅದು ತೀರ್ಥಹಳ್ಳಿಗೆ ಹೋಗಿ ಅಲ್ಲಿಂದ ವಾಪಸ್ ನಮ್ಮನೆಗೇ ಬಂತು. ಆ ಮಾತನ್ನ ಅವಳು ಲೋಕದಲ್ಲಿ ಹೇಳಿದ್ದು ಒಬ್ಬಳಿಗೇ. ಜಗಳ ಆಡಲಿಲ್ಲ. ಆ ತಿಂಗಳ ಕೊನೆಗೆ ಬೇರೆ ಕಡೆ ಪಿಜಿ ಹುಡುಕಿಕೊಂಡು ಹೊರಟುಹೋದಳು. ಇದು 2016ರ ಮಾತು.

ಆಗ ನನ್ನ ವಾದ ಬಹಳ ಗಟ್ಟಿಯಾಗಿತ್ತು. ನಾನು ಹೇಳಿದ್ದು ನಿಜ. ಕೇಳಿದವರಿಗೆ ತಿಳಿದುಕೊಳ್ಳೋ ಹಕ್ಕಿತ್ತು. ದುಡ್ಡಿಗೋಸ್ಕರ ಮದುವೆ ಆಗೋದು ತಪ್ಪು ಅಂತ ನಾನು ನಂಬಿದ್ದೆ, ಅವಳ ಮುಖಕ್ಕೂ ಅದನ್ನೇ ಹೇಳಿದ್ದೆ. ಹಾಗಿದ್ದ ಮೇಲೆ ಸುಳ್ಳು ಹೇಳಿ ಒಬ್ಬ ಒಳ್ಳೆ ಹುಡುಗನನ್ನ ಮೋಸಕ್ಕೆ ತಳ್ಳಬೇಕಿತ್ತಾ? ಈ ವಾದಕ್ಕೆ ನನ್ನ ಆಫೀಸಿನಲ್ಲಿ, ನಮ್ಮನೇಲಿ ಎಲ್ಲ ಕಡೆ ಒಪ್ಪಿಗೆ ಸಿಕ್ಕಿತು. ನಾಲ್ಕು ವರ್ಷ ಅದರ ಮೇಲೇ ನೆಮ್ಮದಿಯಾಗಿದ್ದೆ.

2020ರ ಲಾಕ್‌ಡೌನಿನಲ್ಲಿ ಜೆ.ಪಿ. ನಗರದ ಮನೇಲಿ ಒಬ್ಬಳೇ ಕೂತು ಹಳೇ ಸಿನಿಮಾ ನೋಡೋ ಚಟ ಹತ್ತಿಸಿಕೊಂಡೆ. ಹಾಗೆ ಒಂದು ರಾತ್ರಿ ಸಿಕ್ಕಿದ್ದು ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’. 1953ರದ್ದು. ನಿರ್ದೇಶಕ ಹೋವರ್ಡ್ ಹಾಕ್ಸ್. ಮರ್ಲಿನ್ ಮನ್ರೋ ಗುಲಾಬಿ ಬಣ್ಣದ ಗೌನು ಹಾಕಿಕೊಂಡು ವಜ್ರದ ಬಗ್ಗೆ ಹಾಡೋ ಆ ಹಾಡನ್ನ ನೀವು ಎಲ್ಲಾದರೂ ನೋಡೇ ಇರ್ತೀರಿ. ಆದರೆ ಸಿನಿಮಾ ಮನ್ರೋ ಒಬ್ಬಳದ್ದಲ್ಲ. ಜೇನ್ ರಸೆಲ್ ಜೊತೆಗಿದ್ದಾಳೆ, ಟೈಟಲ್ಲಿನಲ್ಲಿ ರಸೆಲ್ ಹೆಸರೇ ಮೊದಲು.

ಈ ಜಾತಿಯ ಸಿನಿಮಾಗಳಿಗೆ ‘ಸ್ಕ್ರೂಬಾಲ್’ ಅಂತಾರೆ. ಬೇಸ್‌ಬಾಲ್ ಆಟದ ಪದ. ಚೆಂಡು ಯಾವ ಕಡೆ ತಿರುಗುತ್ತೆ ಅಂದುಕೊಂಡಿರ್ತೀವೋ ಅದರ ಉಲ್ಟಾ ತಿರುಗೋ ಎಸೆತ. ಗೂಗ್ಲಿ ಅಂದ್ರೆ ನಮಗೆ ಬೇಗ ಅರ್ಥ ಆಗುತ್ತೆ. 1930ರ ದಶಕದಲ್ಲಿ, ಅಮೆರಿಕದಲ್ಲಿ ಜನ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದ ಕಾಲಕ್ಕೆ ಈ ಸಿನಿಮಾಗಳು ಹುಟ್ಟಿದವು. ಶ್ರೀಮಂತರು, ಬಡವರು, ಮದುವೆ, ಪಟಪಟ ಮಾತು, ಹುಚ್ಚು ಹುಚ್ಚು ಗೊಂದಲ. ಹಾಕ್ಸ್ ಅದರಲ್ಲಿ ಪಳಗಿದ ಕೈ. ಸಾಮಾನ್ಯವಾಗಿ ಅವುಗಳಲ್ಲಿ ಗುದ್ದಾಡೋ ಜೋಡಿ ಒಂದು ಗಂಡು ಒಂದು ಹೆಣ್ಣು. ಇಲ್ಲಿ ಜೋಡಿ ಅಂದ್ರೆ ಇಬ್ಬರು ಗೆಳತಿಯರು, ಗುದ್ದಾಟ ಅವರಿಬ್ಬರಿಗೂ ಲೋಕಕ್ಕೂ.

ಲೋರೆಲೈ (ಮನ್ರೋ) ಮತ್ತೆ ಡೊರೊತಿ (ರಸೆಲ್) ಕ್ಲಬ್ಬಿನಲ್ಲಿ ಹಾಡಿ ಕುಣಿಯೋ ಹುಡುಗಿಯರು. ಲೋರೆಲೈಗೆ ವಜ್ರ ಬೇಕು, ದುಡ್ಡಿರೋ ಗಂಡ ಬೇಕು, ಅದನ್ನ ಮುಚ್ಚಿಡೋದೂ ಇಲ್ಲ. ಡೊರೊತಿಗೆ ದುಡ್ಡಿನ ಚಿಂತೆಯೇ ಇಲ್ಲ, ಮನಸ್ಸಿಗೆ ಹಿಡಿಸೋ ಗಂಡಸಾದರೆ ಸಾಕು. ಲೋರೆಲೈಗೆ ಗಸ್ ಅನ್ನೋ ಶ್ರೀಮಂತರ ಮಗ ಗಂಟುಬಿದ್ದಿದ್ದಾನೆ, ಅವನ ಅಪ್ಪನಿಗೆ ಈ ಸಂಬಂಧ ಇಷ್ಟ ಇಲ್ಲ. ಗೆಳತಿಯರು ಹಡಗು ಹತ್ತಿ ಫ್ರಾನ್ಸಿಗೆ ಹೊರಡುತ್ತಾರೆ. ಅದೇ ಹಡಗಿಗೆ ಆ ಅಪ್ಪ ಒಬ್ಬ ಪತ್ತೇದಾರನನ್ನೂ ಹತ್ತಿಸಿರ್ತಾನೆ. ಕೆಲಸ ಏನು? ‘ಹುಡುಗಿ ಹೇಗೆ’ ಅಂತ ವಿಚಾರಿಸೋದು.

ಅಲ್ಲಿಗೆ ನಾನು ಸೋಫಾದಲ್ಲಿ ನೆಟ್ಟಗೆ ಕೂತೆ.

ಆ ಪತ್ತೇದಾರ ಡೊರೊತಿ ಜೊತೆಗೇ ಸಲಿಗೆ ಬೆಳೆಸ್ತಾನೆ. ಒಂದು ಸಲ ಅವನು ಲೋರೆಲೈ ಬಗ್ಗೆ ಕೊಂಕು ಆಡಿದಾಗ ಡೊರೊತಿ ತಕ್ಷಣ ತಡೀತಾಳೆ. ಲೋರೆಲೈ ಬಗ್ಗೆ ಮಾತಾಡೋದಿದ್ರೆ ನಾನು ಮಾತಾಡ್ತೀನಿ, ಬೇರೆ ಯಾರೂ ಅಲ್ಲ, ಅನ್ನೋ ಅರ್ಥದಲ್ಲಿ. ನೆನಪಿಡಿ, ಡೊರೊತಿಗೆ ಗೆಳತಿಯ ದುಡ್ಡಿನ ಹುಚ್ಚು ಒಪ್ಪಿಗೆ ಇಲ್ಲ. ಸಿನಿಮಾ ಉದ್ದಕ್ಕೂ ಅವಳನ್ನ ಆಡಿಕೊಳ್ತಾಳೆ, ಬೈತಾಳೆ, ಮುಖಕ್ಕೇ. ನನ್ನ ಹಾಗೇ. ವ್ಯತ್ಯಾಸ ಅಂದ್ರೆ ಹೊರಗಿನವನು ಬಂದು ಕೇಳಿದಾಗ ಅವಳು ಬಾಗಿಲು ಹಾಕ್ತಾಳೆ. ನಾನು ಬಾಗಿಲು ತೆಗೆದು ಕಾಫಿ ಕೊಟ್ಟೆ.

ಆಮೇಲೆ ವಜ್ರದ ಕಿರೀಟದ ಗಲಾಟೆ. ಹಡಗಿನಲ್ಲಿ ಸಿಕ್ಕ ಒಬ್ಬ ಮುದುಕ ಸಾಹುಕಾರನಿಂದ ಅವನ ಹೆಂಡತಿಯ ಕಿರೀಟವನ್ನ ಲೋರೆಲೈ ಪುಸಲಾಯಿಸಿ ಈಸಿಕೊಂಡಿರ್ತಾಳೆ. ಪ್ಯಾರಿಸ್ಸಿನಲ್ಲಿ ಅದು ಕಳ್ಳತನದ ಕೇಸ್ ಆಗುತ್ತೆ. ಇನ್ನೇನು ಲೋರೆಲೈ ಕೋರ್ಟಿಗೆ ಹೋಗಬೇಕು. ಆಗ ಡೊರೊತಿ ಹೊಂಬಣ್ಣದ ವಿಗ್ ಹಾಕಿಕೊಂಡು, ‘ನಾನೇ ಲೋರೆಲೈ’ ಅಂತ ನ್ಯಾಯಾಧೀಶರ ಮುಂದೆ ಹೋಗಿ ನಿಲ್ತಾಳೆ. ಲೋರೆಲೈ ದುಡ್ಡು ಹೊಂದಿಸೋವರೆಗೆ ಸಮಯ ಎಳೀಬೇಕಲ್ಲ, ಅದಕ್ಕೆ ಕೋರ್ಟಿನಲ್ಲೇ ಹಾಡಿ ಕುಣಿದು ರಂಪ ಮಾಡ್ತಾಳೆ. ನಗು ತಡೆಯೋಕಾಗಲ್ಲ. ನಾನೂ ನಕ್ಕೆ. ನಗ್ತಾ ನಗ್ತಾನೇ ಕಣ್ಣಲ್ಲಿ ನೀರು ಬಂತು, ನಗುವಿನಿಂದ ಬಂದದ್ದಲ್ಲ ಅದು.

ಆ ರಾತ್ರಿ ಯೋಚಿಸಿದೆ, ನಮ್ಮಲ್ಲಿ ಇಂಥ ಜೋಡಿ ಯಾವುದಿದೆ? ಗಂಡಸರದ್ದಾದರೆ ಹೆಸರಲ್ಲೇ ಸಿಗುತ್ತೆ. ‘ಕಳ್ಳ ಕುಳ್ಳ’, ‘ಕಿಟ್ಟು ಪುಟ್ಟು’. ವಿಷ್ಣುವರ್ಧನ್ ಮತ್ತೆ ದ್ವಾರಕೀಶ್ ಜಗಳ ಆಡಿದ್ರೂ ನಮಗೆ ಅವರು ಜೋಡಿಯೇ. ಹೆಂಗಸರಲ್ಲಿ ಬಿ. ಜಯಾ, ರಮಾದೇವಿ, ಉಮಾಶ್ರೀ ಅಂಥ ನಗಿಸೋ ದೈತ್ಯ ಪ್ರತಿಭೆಗಳು ಇದ್ದರು, ಆದರೆ ಅವರಿಗೆ ಜೋಡಿಯಾಗಿ ಸಿಗ್ತಿದ್ದದ್ದು ನರಸಿಂಹರಾಜು, ಎನ್.ಎಸ್. ರಾವ್ ಅಂಥ ಗಂಡಸರೇ. ನಾಯಕಿಯ ಗೆಳತಿಯರ ಕೆಲಸ ಕಾಲೇಜು ಮೆಟ್ಟಿಲ ಮೇಲೆ ಕಿಸಕಿಸ ನಗೋದು, ಹಾಡಿನಲ್ಲಿ ಹಿಂದೆ ನಿಂತು ಕುಣಿಯೋದು, ಇಂಟರ್‌ವಲ್ ಆದ ಮೇಲೆ ಮಾಯ ಆಗೋದು. ಟೀವಿಯಲ್ಲಿ ‘ಸಿಲ್ಲಿ ಲಲ್ಲಿ’ ಬರೋವರೆಗೆ ಎರಡು ಹೆಣ್ಣು ಹೆಸರು ಜೋಡಿಸಿ ಒಂದು ಕಾಮಿಡಿಗೆ ಇಟ್ಟಿದ್ದನ್ನ ನಾನು ಕೇಳಿದ ನೆನಪಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಶಾಕುಂತಲೆಯ ಗೆಳತಿಯರು ಸಿಗ್ತಾರೆ. ಅನಸೂಯೆ, ಪ್ರಿಯಂವದೆ. ಹೈಸ್ಕೂಲಿನಲ್ಲಿ ಓದಿದಾಗ ನನಗೆ ಅವರು ಹೂವು ಕೀಳೋ ಪಾತ್ರಗಳು, ಅಷ್ಟೇ. ಈಗ ಯೋಚಿಸಿದರೆ ಎದೆ ಧಸಕ್ ಅನ್ನುತ್ತೆ. ದೂರ್ವಾಸರು ಶಾಪ ಕೊಟ್ಟಿದ್ದು ಅವರಿಬ್ಬರಿಗೆ ಮಾತ್ರ ಗೊತ್ತು. ಗುರುತಿನ ಉಂಗುರ ತೋರಿಸಿದರೆ ಶಾಪ ಹೋಗುತ್ತೆ ಅನ್ನೋದೂ ಗೊತ್ತು. ಗೆಳತಿಯ ಮನಸ್ಸಿಗೆ ನೋವಾಗಬಾರದು ಅಂತ ಅವಳಿಗೂ ಶಾಪದ ವಿಷಯ ಹೇಳಲ್ಲ. ರಾಜ ಗುರುತು ಹಿಡಿಯದಿದ್ದರೆ ಉಂಗುರ ತೋರಿಸು ಅಂತಷ್ಟೇ ಹೇಳಿ ಕಳಿಸ್ತಾರೆ. ಅವರೂ ಜೊತೆಗೆ ಹೋಗಬೇಕಿತ್ತು. ಆದರೆ ಕಣ್ವರು, ಇವರಿಗೂ ಮದುವೆ ಆಗಬೇಕಲ್ಲ, ಅಲ್ಲಿಗೆ ಬರೋದು ಸರಿಯಲ್ಲ ಅಂತ ತಡೀತಾರೆ. ದುಷ್ಯಂತನ ಆಸ್ಥಾನದಲ್ಲಿ ಅವಳ ಮಾತನ್ನ ಯಾರೂ ನಂಬದೇ ಇದ್ದಾಗ, ನಿಜ ಪೂರ್ತಿ ಗೊತ್ತಿದ್ದ ಇಬ್ಬರು ಆಶ್ರಮದಲ್ಲಿ ಉಳಿದಿರ್ತಾರೆ. ಶಾಕುಂತಲೆಗೆ ಆಸ್ಥಾನದಲ್ಲಿ ಒಬ್ಬ ಡೊರೊತಿ ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದೀನಿ.

ಈಗ ಮೂಲ ಪ್ರಶ್ನೆಗೆ ಬರ್ತೀನಿ. ನಿಜ ಹೇಳೋದು ಯಾವಾಗಲೂ ಸರಿಯಾ?

ನಾವು ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಜನ. ಹುಲಿಗೆ ಕೊಟ್ಟ ಮಾತಿಗೆ ಹಸು ತಪ್ಪಲಿಲ್ಲ. ಸತ್ಯ ಅಂದ ತಕ್ಷಣ ನಮ್ಮ ಮನಸ್ಸಿನಲ್ಲಿ ಆ ಹಸು ಬಂದು ನಿಲ್ಲುತ್ತೆ. ದೊಡ್ಡಮ್ಮನಿಗೆ ಫೋನಿನಲ್ಲಿ ಉತ್ತರ ಕೊಡುವಾಗ ನಾನೂ ಒಳಗೊಳಗೇ ಪುಣ್ಯಕೋಟಿ ಆಗಿದ್ದೆ. ಆದರೆ ಒಂದು ವಿಷಯ ಮರೆತಿದ್ದೆ. ಪುಣ್ಯಕೋಟಿ ಸತ್ಯಕ್ಕೋಸ್ಕರ ಪಣಕ್ಕಿಟ್ಟದ್ದು ತನ್ನ ಜೀವವನ್ನ. ನಾನು ಪಣಕ್ಕಿಟ್ಟದ್ದು ಗೆಳತಿಯ ಬದುಕನ್ನ. ಆ ಸತ್ಯಕ್ಕೆ ನಾನು ಕೊಟ್ಟ ಬೆಲೆ ಸೊನ್ನೆ.

ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಗೊತ್ತಿತ್ತು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕ ಅನ್ನೋ ತಪಸ್ವಿಯ ಕಥೆ ಹೇಳ್ತಾನೆ. ಸದಾ ನಿಜವನ್ನೇ ಹೇಳ್ತೀನಿ ಅಂತ ವ್ರತ ಹಿಡಿದವನು. ದರೋಡೆಕೋರರಿಗೆ ಹೆದರಿ ಕೆಲವರು ಓಡಿಬಂದು ಕಾಡಿನಲ್ಲಿ ಅಡಗ್ತಾರೆ. ದರೋಡೆಕೋರರು ಬಂದು ಎಲ್ಲಿ ಅಂತ ಕೇಳಿದಾಗ ಕೌಶಿಕ ನಿಜ ಹೇಳ್ತಾನೆ. ಅವರು ಸಾಯ್ತಾರೆ, ಕೌಶಿಕ ನರಕಕ್ಕೆ ಹೋಗ್ತಾನೆ. ಇದೇ ಪ್ರಶ್ನೆಗೆ 1797ರಲ್ಲಿ ಇಮ್ಯಾನುಯೆಲ್ ಕಾಂಟ್ ಉಲ್ಟಾ ಉತ್ತರ ಬರೆದ. ಕೊಲೆಗಾರ ಬಾಗಿಲಿಗೆ ಬಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಅಂತ. ನಾನು ಕೃಷ್ಣನ ಕಡೆ. ಹಾಗಂತ ಆ ದೊಡ್ಡಮ್ಮ ಕೊಲೆಗಾರ್ತಿ ಅಲ್ಲ ಕಣ್ರೀ, ಪಾಪ, ಮನೆಗೆ ಬರೋ ಹುಡುಗಿಯ ಬಗ್ಗೆ ಕೇಳಿದ್ರು ಅಷ್ಟೇ. ಹಾಗಾಗಿ ನಾನು ಸುಳ್ಳು ಹೇಳಬೇಕಾಗೂ ಇರಲಿಲ್ಲ. ‘ಅದನ್ನ ಅವಳನ್ನೇ ಕೇಳಿ ಆಂಟಿ’ ಅಂದಿದ್ದರೆ ಮುಗೀತಿತ್ತು. ಅಥವಾ ಪೂರ್ತಿ ನಿಜ ಹೇಳಬಹುದಿತ್ತು. ನಾಲ್ಕು ವರ್ಷದಿಂದ ತಂಗಿಯನ್ನ ಓದಿಸ್ತಿದ್ದಾಳೆ, ನನಗೆ ಡೆಂಗ್ಯೂ ಬಂದಾಗ ಆರು ರಾತ್ರಿ ನಿದ್ದೆಗೆಟ್ಟಿದ್ದಾಳೆ, ನಿಮ್ಮ ಹುಡುಗ ಒಳ್ಳೆಯವನು ಅಂತ ಆಟೋದಲ್ಲಿ ಹೇಳಿದ್ದಾಳೆ. ಇವೂ ನಿಜವೇ ತಾನೇ? ಆ ಹತ್ತು ನಿಮಿಷದಲ್ಲಿ ಇವು ಯಾವುವೂ ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ಬಾಡಿಗೆಯ ಜೋಕು ಮಾತ್ರ.

ಯಾಕೆ? ಇದಕ್ಕೆ ಉತ್ತರ ಹುಡುಕೋದು ಕಷ್ಟ ಆಗಲಿಲ್ಲ, ಒಪ್ಪಿಕೊಳ್ಳೋದು ಕಷ್ಟ ಆಯ್ತು. ಮುಖ ನೋಡಿರದ ಆ ಆಂಟಿಯ ಕಣ್ಣಿನಲ್ಲಿ ನಾನು ಒಳ್ಳೆ ಹುಡುಗಿ ಅನ್ನಿಸಿಕೊಳ್ಳಬೇಕಿತ್ತು. ಅವಳ ಥರ ಲೆಕ್ಕ ಹಾಕದ ಹುಡುಗಿ. ಅದಕ್ಕೆ ಅವಳನ್ನ ಮೆಟ್ಟಿಲು ಮಾಡಿಕೊಂಡೆ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಸ್ನೇಹ ಅಂತ ಹೇಳಿ ಎಲ್ಲವನ್ನೂ ಮುಚ್ಚಿಹಾಕೋದು ಸರಿಯಾ? ಸ್ನೇಹಕ್ಕೆ ಕಟ್ಟುಬಿದ್ದ ಕರ್ಣನ ಕಥೆ ಗೊತ್ತಲ್ಲ. ದುರ್ಯೋಧನ ಮಾಡ್ತಿರೋದು ತಪ್ಪು ಅಂತ ಗೊತ್ತಿದ್ದೂ ಅವನ ಜೊತೆ ನಿಂತ. ನಾವು ಅದನ್ನ ಹಾಡಿ ಹೊಗಳ್ತೀವಿ. ಆದರೆ ತುಂಬಿದ ಸಭೆಯಲ್ಲಿ ದ್ರೌಪದಿಯ ಮಾನ ಹೋಗುವಾಗಲೂ ಕರ್ಣ ಗೆಳೆಯನ ಪಕ್ಷದಲ್ಲೇ ಇದ್ದ. ಸಿನಿಮಾದಲ್ಲೂ ಇದೇ ಹುಳುಕಿದೆ. ಆ ಕಿರೀಟದ ಒಡತಿ ನಗೆಪಾಟಲಿನ ಹೆಂಗಸು ಇರಬಹುದು, ಆದರೆ ಕಿರೀಟ ಅವಳದ್ದು. ಗಂಡ ತನ್ನ ಹೆಂಡತಿಯ ಒಡವೆಯನ್ನ ಇನ್ಯಾರಿಗೋ ಕೊಟ್ಟರೆ ತಗೊಂಡವಳು ತಪ್ಪಿತಸ್ಥೆ ಅಲ್ವಾ? ಸಿನಿಮಾ ಆ ಪ್ರಶ್ನೆಯಿಂದ ಜಾಣತನದಿಂದ ಜಾರಿಕೊಳ್ಳುತ್ತೆ. ಆ ಮುದುಕನೇ ಕಿರೀಟವನ್ನ ಮತ್ತೆ ಕದ್ದಿದ್ದ ಅಂತ ತೋರಿಸಿ ಎಲ್ಲರನ್ನೂ ನಗಿಸಿ ಕಳಿಸುತ್ತೆ.

ಹಾಗಾಗಿ ನಾನು ನನಗೇ ಒಂದು ಗೆರೆ ಎಳೆದುಕೊಂಡಿದೀನಿ. ನನ್ನ ಗೆಳತಿಯ ಆಯ್ಕೆಯಿಂದ ಮೂರನೆಯವರಿಗೆ ಪೆಟ್ಟು ಬೀಳುತ್ತೆ ಅಂತಾದರೆ ಸುಮ್ಮನಿರೋದು ಸ್ನೇಹ ಅಲ್ಲ. ಮದುವೆ ಆಗಿ ಮಕ್ಕಳಿರೋದನ್ನ ಮುಚ್ಚಿಟ್ಟಿದ್ದರೆ, ಕಾಯಿಲೆಯನ್ನ ಬಚ್ಚಿಟ್ಟಿದ್ದರೆ, ನಾನು ಮೊದಲು ಅವಳಿಗೆ ಹೇಳ್ತಿದ್ದೆ, ಅವಳು ಕೇಳದಿದ್ದರೆ ಆ ಕಡೆಯವರಿಗೂ ಹೇಳ್ತಿದ್ದೆ. ಅರಿಸ್ಟಾಟಲ್ ಕೂಡ ಸ್ನೇಹದ ಬಗ್ಗೆ ಬರೆಯುವಾಗ ಗೆಳೆಯ ದಾರಿ ತಪ್ಪಿದ ಅಂತ ತಕ್ಷಣ ಬಿಟ್ಟುಬಿಡಬೇಡಿ, ತಿದ್ದೋಕೆ ಸಾಧ್ಯ ಇರೋವರೆಗೆ ತಿದ್ದಿ ಅಂತಲೇ ಹೇಳ್ತಾನೆ. ತಿದ್ದೋದು ಅಂದ್ರೆ ಅವಳ ಹತ್ತಿರ ಮಾತಾಡೋದು. ಅವಳ ಬಗ್ಗೆ ಮಾತಾಡೋದಲ್ಲ.

ಇಷ್ಟು ಯೋಚಿಸಿದ ಮೇಲೆ ಉಳಿದದ್ದು ಇನ್ನೊಂದು ಪ್ರಶ್ನೆ. ಅವಳು ನಿಜವಾಗಿ ದಾರಿ ತಪ್ಪಿದ್ದಳಾ?

ಸಿನಿಮಾದ ಕೊನೆಗೆ ಗಸ್‌ನ ಅಪ್ಪ ಲೋರೆಲೈಯನ್ನ ಎದುರಿಗೆ ನಿಲ್ಲಿಸಿಕೊಂಡು, ನನ್ನ ಮಗನ ದುಡ್ಡು ನೋಡಿ ಮದುವೆ ಆಗ್ತಿದೀಯ ಅಲ್ವಾ ಅಂತ ಕೇಳ್ತಾನೆ. ಆ ದೊಡ್ಡಮ್ಮ ನನ್ನನ್ನ ಕೇಳಿದ ಪ್ರಶ್ನೆಯೇ. ಲೋರೆಲೈ ಮೊದಲು, ಅವನ ದುಡ್ಡಿಗಲ್ಲ, ನಿಮ್ಮ ದುಡ್ಡಿಗೆ ಅಂತ ನಗಿಸ್ತಾಳೆ. ಆಮೇಲೆ ನಿಧಾನವಾಗಿ ವಾದ ಮಂಡಿಸ್ತಾಳೆ. ಗಂಡಸಿಗೆ ದುಡ್ಡು ಇರೋದು ಹುಡುಗಿಗೆ ರೂಪ ಇದ್ದ ಹಾಗೆ. ಬರೀ ರೂಪಕ್ಕೋಸ್ಕರ ಯಾರೂ ಮದುವೆ ಆಗಲ್ಲ, ಆದರೆ ಇದ್ದರೆ ಒಳ್ಳೇದು ಅಂತ ಎಲ್ಲರಿಗೂ ಅನ್ನಿಸುತ್ತೆ. ನಿಮಗೆ ಮಗಳಿದ್ದಿದ್ದರೆ ಅವಳು ಚೆನ್ನಾಗಿರೋ ಮನೆ ಸೇರಲಿ ಅಂತ ನೀವು ಬಯಸ್ತಿರಲಿಲ್ವಾ? ಅಪ್ಪನ ಬಾಯಿ ಕಟ್ಟಿಹೋಗುತ್ತೆ. ಇವಳನ್ನ ದಡ್ಡಿ ಅಂತ ಹೇಳಿದ್ರಲ್ಲ ಅಂತಾನೆ.

ಈಗ ನಮ್ಮ ಮ್ಯಾಟ್ರಿಮೊನಿ ಪ್ರೊಫೈಲುಗಳನ್ನ ತೆಗೆದು ನೋಡಿ. ಸಂಬಳಕ್ಕೆ ಒಂದು ಕಾಲಂ ಇದೆ. ‘ವೆಲ್ ಸೆಟಲ್ಡ್’ ಅನ್ನೋ ಪದದ ಅರ್ಥ ನಮಗೆಲ್ಲ ಗೊತ್ತು. ಬನಶಂಕರಿಯಲ್ಲಿ ಥರ್ಟಿ ಫಾರ್ಟಿ ಸೈಟು ಅಂದ ತಕ್ಷಣ ದನಿ ಬದಲಾಗೋದನ್ನ ನೀವೂ ಕೇಳಿದೀರಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ, ಆದರೂ ‘ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ’ ಅನ್ನೋ ಮಾತು ಇನ್ನೂ ನಿಂತಿಲ್ಲ. ಅದೇ ದೊಡ್ಡಮ್ಮ ನನ್ನನ್ನ ಮೊದಲು ಕೇಳಿದ್ದು ಏನು ಗೊತ್ತಾ? ‘ಹುಡುಗಿಗೆ ಕೈಗೆ ಎಷ್ಟು ಬರುತ್ತೆ? ಮದುವೆ ಆದ ಮೇಲೂ ಊರಿಗೆ ಕಳಿಸ್ತಾಳಾ?’ ಇದು ವಿಚಾರಣೆ. ಅವಳು ಕೇಳಿದರೆ ಲೆಕ್ಕಾಚಾರ. ಲೆಕ್ಕ ಎಲ್ಲರೂ ಹಾಕ್ತಾ ಇದ್ದರು. ಅವಳು ಗಟ್ಟಿಯಾಗಿ ಹಾಕಿದ್ದಳು ಅಷ್ಟೇ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೂ ಇಡೀ ದೇಶಕ್ಕೆ 2005ರಲ್ಲೂ ಕಾನೂನು ಬಂತು. ಪಾಲು ಕೇಳಿದ ಹುಡುಗಿಗೆ ತವರಿನಲ್ಲಿ ಯಾವ ಹೆಸರು ಬರುತ್ತೆ ಅಂತ ನಿಮಗೆ ಗೊತ್ತು. ತವರಿನಲ್ಲಿ ಕೇಳಿದರೆ ದುರಾಸೆ, ಗಂಡನ ಮನೆ ಆರಿಸುವಾಗ ನೋಡಿದರೆ ಲೆಕ್ಕಾಚಾರ. ನನ್ನ ಬೆನ್ನ ಹಿಂದೆ ಅಪ್ಪ ಇದ್ದರು, ಅದಕ್ಕೆ ನಾನು ‘ಪ್ರೀತಿ ಎಲ್ಲೇ?’ ಅಂತ ಕೇಳಬಹುದಿತ್ತು. ದುಡ್ಡು ಮುಖ್ಯ ಅಲ್ಲ ಅಂತ ಹೇಳೋಕೂ ಸ್ವಲ್ಪ ದುಡ್ಡು ಬೇಕಾಗುತ್ತೆ. ದುಡ್ಡಿಗೋಸ್ಕರ ಮಾತ್ರ ಮದುವೆ ಆಗೋದನ್ನ ನಾನು ಇವತ್ತಿಗೂ ಒಪ್ಪಲ್ಲ. ಆದರೆ ಅವಳು ಹಾಗೆ ಮಾಡ್ತಿದ್ದಳು ಅಂತ ಹೇಳೋಕೆ ನನ್ನ ಹತ್ತಿರ ಇದ್ದ ಸಾಕ್ಷಿ ಒಂದು ಜೋಕು.

ಸಿನಿಮಾದ ಹೊರಗಿನ ಒಂದು ಸಂಗತಿ ಹೇಳ್ತೀನಿ. ಮನ್ರೋ ಸಾಯೋ ಮೊದಲು, 1962ರಲ್ಲಿ ‘ಲೈಫ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಈ ಸಿನಿಮಾ ನೆನೆಸಿಕೊಂಡಿದ್ದಾಳೆ. ರಸೆಲ್‌ಗೆ 2 ಲಕ್ಷ ಡಾಲರ್ ಸಿಕ್ಕಿತು, ತನಗೆ ವಾರಕ್ಕೆ 500 ಡಾಲರ್, ಪ್ರತ್ಯೇಕ ಡ್ರೆಸಿಂಗ್ ರೂಮಿಗೂ ಜಗಳ ಆಡಬೇಕಾಯ್ತು ಅಂತ. ಇಷ್ಟೆಲ್ಲ ಹೇಳಿದವಳು ಅದರ ಜೊತೆಗೇ ರಸೆಲ್ ನನ್ನನ್ನ ತುಂಬಾ ಚೆನ್ನಾಗಿ ನೋಡಿಕೊಂಡಳು ಅಂತಲೂ ಹೇಳ್ತಾಳೆ. ಸೆಟ್ಟಿಗೆ ಬರೋಕೆ ಹೆದರಿ ಮನ್ರೋ ಕೋಣೆಯೊಳಗೇ ಕೂತಿರ್ತಿದ್ದಳಂತೆ. ರಸೆಲ್ ಹೋಗಿ ಬಾಗಿಲಲ್ಲಿ ನಿಂತು ಕರೆದುಕೊಂಡು ಬರ್ತಿದ್ದಳು. ಪೈಪೋಟಿ ಇಡೋಕೆ ಎಲ್ಲ ಕಾರಣ ಇದ್ದ ಇಬ್ಬರು ಹೆಂಗಸರು. 1953ರ ಜೂನ್ 26ರಂದು ಹಾಲಿವುಡ್ಡಿನ ಚೈನೀಸ್ ಥಿಯೇಟರಿನ ಮುಂದೆ, ಹಸಿ ಸಿಮೆಂಟಿನಲ್ಲಿ ಇಬ್ಬರೂ ಒಟ್ಟಿಗೆ ಬಗ್ಗಿ ಕೈ ಅಚ್ಚು ಒತ್ತಿದರು. ಸಿನಿಮಾದ ಕೊನೇ ದೃಶ್ಯದಲ್ಲೂ ಎರಡು ಮದುವೆ ಒಟ್ಟಿಗೆ ನಡೆಯುವಾಗ ಕ್ಯಾಮೆರಾ ಹತ್ತಿರ ಹೋಗ್ತಾ ಹೋಗ್ತಾ ಇಬ್ಬರು ಗಂಡಂದಿರೂ ಫ್ರೇಮಿನಿಂದ ಆಚೆ ಹೋಗಿ ಗೆಳತಿಯರಿಬ್ಬರೇ ಉಳೀತಾರೆ.

ಸಿನಿಮಾ ನೋಡಿದ ರಾತ್ರಿ ಅವಳಿಗೆ ಮೆಸೇಜ್ ಬರೆದು ಅಳಿಸಿದೆ. ಎರಡು ವಾರ ಹಾಗೇ ನಡೀತು. ಕೊನೆಗೆ ಫೋನ್ ಮಾಡಿದೆ. ಮೈಸೂರಲ್ಲಿದ್ದಳು. ಮದುವೆ ಆಗಿತ್ತು, ಬೇರೆಯವನ ಜೊತೆ. ಹೇಗಿದೀಯ ಅಂತ ಕೇಳೋ ಹಕ್ಕು ನನಗಿಲ್ಲ ಅನ್ನಿಸಿ ನೇರವಾಗಿ ಹೇಳಿದೆ, ‘ನಾನು ತಪ್ಪು ಮಾಡಿದೆ ಕಣೇ’ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ನೀನು ಬಾಲ್ಕನೀಲಿ ಮಾತಾಡ್ತಿದ್ದೆಯಲ್ಲ ಆವತ್ತು’ ಅಂದಳು, ‘ನಾನು ಒಳಗಡೆ ಚಪಾತಿ ಮಾಡ್ತಿದ್ದೆ. ನೀನು ನಗೋದು ಕೇಳಿಸ್ತಿತ್ತು. ಯಾರ ಜೊತೆಗೋ ಇಷ್ಟು ಖುಷಿಯಾಗಿ ಮಾತಾಡ್ತಿದಾಳೆ, ಆರೋಗತ್ತೆ ಅಂತ ನಿನ್ನ ಚಪಾತೀನ ಬಟ್ಟೆ ಸುತ್ತಿ ಇಟ್ಟಿದ್ದೆ.’

ನನಗೆ ಏನೂ ಹೇಳೋಕಾಗಲಿಲ್ಲ. ‘ಇನ್ನೊಂದ್ಸಲ ಮಾಡು, ಈಗ ಮಗು ಎದ್ದಿದೆ’ ಅಂತ ಇಟ್ಟಳು. ಇನ್ನೊಂದು ಸಲ ಮಾಡಿದೀನಿ. ಮತ್ತೊಂದು ಸಲನೂ. ಮೊದಲಿನ ಹಾಗೆ ಆಗಿದೆ ಅಂತ ಹೇಳಲ್ಲ. ಅವಳು ಈಗ ನನ್ನ ಹತ್ತಿರ ಜೋಕು ಮಾಡುವಾಗ ಒಂದು ಕ್ಷಣ ತಡೆದು ಮಾಡ್ತಾಳೆ. ಆ ಒಂದು ಕ್ಷಣ ನನ್ನ ಸಂಪಾದನೆ.

ಹೋದ ತಿಂಗಳು ಮತ್ತೆ ಆ ಫೋನು ಬಂತು. ಈ ಸಲ ನಮ್ಮ ಟೀಮಿನ ಒಬ್ಬ ಹುಡುಗಿಯ ಬಗ್ಗೆ. ಬನಶಂಕರಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿಳೀತಾ ಇದ್ದೆ. ಅದೇ ಮೆತ್ತಗಿನ ದನಿ, ಅದೇ ಪ್ರಶ್ನೆ. ‘ಹುಡುಗಿ ಹೇಗಮ್ಮಾ?’

‘ತುಂಬಾ ಒಳ್ಳೆ ಹುಡುಗಿ ಆಂಟಿ. ಮಿಕ್ಕಿದ್ದೆಲ್ಲ ಅವಳನ್ನೇ ಕೇಳಿ, ನೇರವಾಗಿ ಹೇಳ್ತಾಳೆ’ ಅಂದೆ.

‘ಅಲ್ಲ, ನೀವು ಹತ್ತಿರದಿಂದ ನೋಡಿದವರು, ಅದಕ್ಕೇ ಕೇಳಿದೆ.’

‘ಹೌದು ಆಂಟಿ’ ಅಂದೆ, ‘ಹತ್ತಿರದಿಂದ ನೋಡಿದೀನಿ. ಅದಕ್ಕೇ ಹೇಳ್ತಿಲ್ಲ.’